ಲಿಂಗನಮಕ್ಕಿ ನೋಡಿ ಬಂದೆವು, ಶರಾವತಿ ಕರೆಂಟು ಹುಟ್ಟುವ ಜಾಗ ಕಾಣಲಿಲ್ಲ. ಎಲ್ಲಿದೆ?

ಬಯಲುಸೀಮೆ ಬಸವ
ಜೋಗ ನೋಡಲು ಹೋದವರು ಹಾಗೇ ಲಿಂಗನಮಕ್ಕಿ ಕಡೆಗೂ ಹೋಗಿ ಬಂದೆವು. ಆಮೇಲೆ ಮನೆಯಲ್ಲಿ ಶುರುವಾದ ವಾದ ಇನ್ನೂ ಮುಗಿದಿಲ್ಲ. ತಿಳಿದವರು ಬಿಡಿಸಿ ಹೇಳಿ.

ಪೇಪರಿನಲ್ಲಿ ದಿನಾ ‘ಗರಿಷ್ಠ ಮಟ್ಟ 1819 ಅಡಿ’ ಎಂದು ಬರುತ್ತದೆ. ಆ ಅಣೆಕಟ್ಟು ಅಷ್ಟು ಎತ್ತರ ಇಲ್ಲವೇ ಇಲ್ಲ. ಶರಾವತಿಯಲ್ಲಿ 1035 ಮೆಗಾವ್ಯಾಟ್ ಎನ್ನುತ್ತಾರೆ, ಅಣೆಕಟ್ಟಿನ ಕೆಳಗೆ ಅಷ್ಟು ದೊಡ್ಡ ಪವರ್ ಹೌಸ್ ಏನೂ ಕಾಣಲಿಲ್ಲ. ಇನ್ನು ನಮ್ಮಪ್ಪ, ‘ಕರೆಂಟು ತೆಗೆದ ನೀರಲ್ಲಿ ಸತ್ವ ಇರಲ್ಲ, ಬೆಳೆ ಬರಲ್ಲ’ ಎಂದು ಹಟ ಹಿಡಿದಿದ್ದಾರೆ. ಇದಕ್ಕೆ ಮಾತ್ರ ಉತ್ತರ ಸ್ವಲ್ಪ ಮರ್ಯಾದೆಯಿಂದ ಕೊಡಿ, ಅವರಿಗೆ ಓದಿ ಹೇಳಬೇಕು.

ಅಡಿಕೆ ಸುಲಿಯುವವ
1819 ಅನ್ನೋದು ಸಮುದ್ರಮಟ್ಟದಿಂದ ಲೆಕ್ಕ. ಅಣೆಕಟ್ಟು ಇರುವುದು ಹೆಚ್ಚು ಕಡಿಮೆ 200 ಅಡಿ ಎತ್ತರ. ಉದ್ದ ಮಾತ್ರ ಭರ್ಜರಿ, ಎರಡೂವರೆ ಕಿಲೋಮೀಟರ್‌ಗೂ ಜಾಸ್ತಿ. ಉಳಿದದ್ದನ್ನು ಕಾರ್ಗಲ್‌ನವರು ಹೇಳಲಿ.

ಕಾರ್ಗಲ್‌ನವ
ಬಂದೆ ಮಾರಾಯ್ರೆ. ಪವರ್ ಹೌಸ್‌ನಲ್ಲಿ ಶಿಫ್ಟ್ ಮಾಡಿ ನಿವೃತ್ತಿಯಾದವನು ನಾನು. ಈ ಪ್ರಶ್ನೆ ಹೊಸದಲ್ಲ. ನೆಂಟರು ಬಂದಾಗೆಲ್ಲ ಇದನ್ನೇ ಕೇಳುತ್ತಾರೆ.

ಲಿಂಗನಮಕ್ಕಿ ನೀರಿನ ಗೋದಾಮು ಇದ್ದ ಹಾಗೆ, ಕರೆಂಟಿನ ದೊಡ್ಡ ಅಂಗಡಿ ಇರುವುದು ಬೇರೆ ಕಡೆ. ಅಣೆಕಟ್ಟಿನ ಬುಡದಲ್ಲಿ ನೀವು ನೋಡಿದ ಕಟ್ಟಡದಲ್ಲಿ ಎರಡು ಯೂನಿಟ್, ಅಂದರೆ ಮೆಷಿನ್, ಇವೆ, ಒಟ್ಟು 55 ಮೆಗಾವ್ಯಾಟ್. ಅಲ್ಲಿಂದ ಹೊರಬಿದ್ದ ನೀರು ಕಾಲುವೆಯಲ್ಲಿ ತಳಕಳಲೆ ಎನ್ನುವ ಸಣ್ಣ ಜಲಾಶಯಕ್ಕೆ ಹೋಗುತ್ತದೆ. ತಳಕಳಲೆ ಇರುವುದು ಘಟ್ಟದ ಅಂಚಿಗೆ. ಅಲ್ಲಿಂದ ಸುರಂಗ, ಆಮೇಲೆ ನೀರಿನ ಹೊಡೆತ ತಡೆಯುವ ಸರ್ಜ್ ಟ್ಯಾಂಕು, ಆಮೇಲೆ ಘಟ್ಟದ ಇಳಿಜಾರಿನಲ್ಲಿ ಸಾಲಾಗಿ ಇಳಿಯುವ ಉಕ್ಕಿನ ಪೆನ್‌ಸ್ಟಾಕ್ ಪೈಪುಗಳು. ಆ ಪೈಪುಗಳ ಕೊನೆಗೆ, ಕಣಿವೆಯ ತಳದಲ್ಲಿ, ದೊಡ್ಡ ಪವರ್ ಹೌಸ್ ಇದೆ. ಹತ್ತು ಯೂನಿಟ್, ಒಂದೊಂದು 103.5 ಮೆಗಾವ್ಯಾಟ್. ಮೊದಲನೆಯದು ಶುರುವಾದದ್ದು 1964ರಲ್ಲಿ, ಹತ್ತನೆಯದು 1977ರಲ್ಲಿ.

ಯಾಕೆ ಇಷ್ಟು ದೂರ ತಿರುಗಿಸಿದರು ಅಂದರೆ, ಅಣೆಕಟ್ಟಿನ ಬುಡದಲ್ಲಿ ಸಿಗುವ ಎತ್ತರ ಕಡಿಮೆ. ಘಟ್ಟ ಇಳಿಸಿದರೆ 400 ಮೀಟರ್‌ಗೂ ಮೀರಿದ ಎತ್ತರ ಸಿಗುತ್ತದೆ. ಜೋಗ ಬೀಳುವುದೇ 253 ಮೀಟರ್. ನೀರು ಎಷ್ಟು ಅನ್ನೋದು ಅರ್ಧ ಮಾತು, ಎಷ್ಟು ಎತ್ತರದಿಂದ ಬೀಳುತ್ತದೆ ಅನ್ನೋದು ಇನ್ನರ್ಧ. ಈ ಎತ್ತರವನ್ನು ನಾವು ಹೆಡ್ ಎನ್ನುತ್ತೇವೆ.

ಬಯಲುಸೀಮೆ ಬಸವ
ಅಂದರೆ ಪ್ರವಾಸಿಗರು ನಿಂತು ಫೋಟೋ ತೆಗೆಯುವ ಕಡೆ ಅದು ಇಲ್ಲವೇ ಇಲ್ಲ! ಮತ್ತೆ ಜೋಗದ ಎದುರು ಕೆಳಗೆ ಕಾಣುವ ಪವರ್ ಹೌಸು?

ಕಾರ್ಗಲ್‌ನವ
ಅದು ಮಹಾತ್ಮ ಗಾಂಧಿ ವಿದ್ಯುದಾಗಾರ, ಬೇರೆಯದು, ಶರಾವತಿ ಪವರ್ ಹೌಸಿಗಿಂತ ಹಳೆಯದು. 1940ರ ದಶಕದ ಕೊನೆಯಲ್ಲಿ ಶುರುವಾಯಿತು. ಮೊದಲು ಕೃಷ್ಣರಾಜೇಂದ್ರ ಹೆಸರಿತ್ತು. ಈಗ 139.2 ಮೆಗಾವ್ಯಾಟ್. ಅದಕ್ಕಾಗಿಯೇ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದು. ಲಿಂಗನಮಕ್ಕಿ ತುಂಬಿದಾಗ ಆ ಅಣೆಕಟ್ಟೇ ಮುಳುಗಿತು. ಬೇಸಿಗೆಯಲ್ಲಿ ನೀರು ತುಂಬ ಇಳಿದರೆ ಈಗಲೂ ಕಾಣುತ್ತದೆ. ಹೆಚ್ಚಾದ ನೀರನ್ನು ಹೊರಹಾಕುವ ಅದರ ಸೈಫನ್‌ಗಳನ್ನು ನೋಡಲೆಂದೇ ಜನ ಹೋಗುತ್ತಾರೆ.

ಪಿಯು ಮೇಷ್ಟ್ರು
ಲೆಕ್ಕದ ಪಾಲು ನನಗೆ ಬಿಡಿ.

ನೀರು ಸುಮಾರು 440 ಮೀಟರ್ ಇಳಿಯುತ್ತದೆ, ನೂರಕ್ಕೆ 90ರಷ್ಟು ಶಕ್ತಿ ಕರೆಂಟಾಗುತ್ತದೆ ಎಂದಿಟ್ಟುಕೊಳ್ಳಿ. ಒಂದು ಯೂನಿಟ್ ಕರೆಂಟಿಗೆ 900 ಲೀಟರ್ ಚಿಲ್ಲರೆ ನೀರು ಬೇಕು. ನಿಮ್ಮ ಮನೆಯಲ್ಲಿ ಗೀಸರ್ ಅರ್ಧ ಗಂಟೆ ಹಾಕಿದರೆ ಹೆಚ್ಚು ಕಡಿಮೆ ಒಂದು ಟ್ಯಾಂಕ್ ನೀರು ಘಟ್ಟ ಇಳಿಯಬೇಕು. ಅದೇ ನೀರು 25 ಮೀಟರ್ ಮಾತ್ರ ಬಿದ್ದರೆ? ಒಂದು ಯೂನಿಟ್‌ಗೆ 16 ಸಾವಿರ ಲೀಟರ್.

ಒಂದು ಮೆಷಿನ್ ಪೂರ್ತಿ ಓಡಿದರೆ ಸೆಕೆಂಡಿಗೆ 26ರಿಂದ 27 ಸಾವಿರ ಲೀಟರ್ ಕುಡಿಯುತ್ತದೆ. ಹತ್ತೂ ಓಡಿದರೆ ಒಂಬತ್ತು ಸಾವಿರ ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ದಾಟುತ್ತದೆ. ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ, ನೀರಿಗೆ ಮೂರು ಕೋಟಿ ಯೂನಿಟ್ ಆಸುಪಾಸು. ಜಲಾಶಯದ ಸಾಮರ್ಥ್ಯ ಸುಮಾರು 151 ಟಿಎಂಸಿ. ಗುಣಿಸಿಕೊಳ್ಳಿ, ನಾಲ್ಕೂವರೆ ಸಾವಿರ ಮಿಲಿಯನ್ ಯೂನಿಟ್ ಬರುತ್ತದೆ. ಪೇಪರಿನಲ್ಲಿ ಅಡಿ ಲೆಕ್ಕ ಬರೆಯುವ ಬದಲು ‘ಇಷ್ಟು ಕೋಟಿ ಯೂನಿಟ್ ಉಳಿದಿದೆ’ ಎಂದು ಬರೆದರೆ ಜನಕ್ಕೆ ಅರ್ಥವಾಗುತ್ತದೆ ಎಂದು ನನಗೆ ಬಹಳ ದಿನದಿಂದ ಅನ್ನಿಸಿದೆ.

ಬಯಲುಸೀಮೆ ಬಸವ
ಮೇಷ್ಟ್ರೇ, ಅಪ್ಪನ ಸತ್ವ?

ಪಿಯು ಮೇಷ್ಟ್ರು
ನಿಮ್ಮ ತಂದೆಯವರಿಗೆ ಹೇಳಿ: ನೀರಿನಿಂದ ಏನೋ ತೆಗೆದುಕೊಳ್ಳುತ್ತಾರೆ ಎಂಬುದು ನಿಜ. ತೆಗೆದುಕೊಳ್ಳುವುದು ಅದರ ವೇಗ. ನೀರೊಳಗಿನ ಲವಣ, ಮಣ್ಣು, ಗಾಳಿ ಯಾವುದಕ್ಕೂ ಯಾರೂ ಕೈ ಹಾಕುವುದಿಲ್ಲ. ಗದ್ದೆಗೆ ಬೇಕಾದದ್ದು ನೀರೇ ಹೊರತು ನೀರಿನ ಓಟ ಅಲ್ವಲ್ಲ.

ಇನ್ನೊಂದು ಸ್ವಾರಸ್ಯ ಇದೆ. ಪವರ್ ಹೌಸ್ ಇಲ್ಲದೆ ಆ ನೀರು ಸುಮ್ನೆ 440 ಮೀಟರ್ ಕೆಳಗೆ ಬಿದ್ದಿದ್ದರೆ ಆ ಶಕ್ತಿಯೆಲ್ಲ ಏನಾಗುತ್ತಿತ್ತು? ಬಂಡೆಗೆ ಬಡಿದು, ಸದ್ದು ಮಾಡಿ, ಕೊನೆಗೆ ನೀರೇ ಸ್ವಲ್ಪ ಬಿಸಿಯಾಗುತ್ತಿತ್ತು. ಎಷ್ಟು ಬಿಸಿ? ಪೂರ್ತಿ ಲೆಕ್ಕ ಹಾಕಿದರೂ ಒಂದು ಡಿಗ್ರಿ ಸೆಲ್ಸಿಯಸ್. ಅಷ್ಟೇ. ಸಾವಿರ ಮೆಗಾವ್ಯಾಟ್ ಅಂತ ನಾವು ಬೀಗುವುದು ಆ ಒಂದು ಡಿಗ್ರಿಯನ್ನು.

ಅಡಿಕೆ ಸುಲಿಯುವವ
ಅದೇ ನೀರಿನಿಂದ ಮೂರು ಸಲ ತೆಗೆಯುತ್ತಾರೆ ಅನ್ನೋದನ್ನೂ ಸೇರಿಸಿ. ಲಿಂಗನಮಕ್ಕಿ ಬುಡದಲ್ಲಿ ಒಮ್ಮೆ, ಘಟ್ಟದ ಕೆಳಗೆ ಒಮ್ಮೆ, ಆಮೇಲೆ ಗೇರುಸೊಪ್ಪೆಯಲ್ಲಿ 240 ಮೆಗಾವ್ಯಾಟ್. ಅಲ್ಲಿಂದ ಹೊನ್ನಾವರ, ಸಮುದ್ರ. ದಾರಿಯುದ್ದಕ್ಕೂ ಹೊಳೆ ದಂಡೆಯ ತೋಟಗಳು ಚೆನ್ನಾಗಿಯೇ ಇವೆ. ಅಪ್ಪನ್ನ ಒಮ್ಮೆ ಕರೆದುಕೊಂಡು ಬನ್ನಿ.

ಬಯಲುಸೀಮೆ ಬಸವ
ಸರಿ, ಒಳಗೆ ಹೋಗೋಣ. ನೀರು ಪೈಪಿನಿಂದ ಬಂತು. ಆಮೇಲೆ?

ಕಾರ್ಗಲ್‌ನವ
ಪೈಪಿನ ಕೊನೆಗೆ ದೊಡ್ಡ ವಾಲ್ವ್. ಅದು ದಾಟಿದ ನೀರು ಕಿರಿದಾದ ಮೂತಿಯ ನಾಝಲ್‌ಗಳಿಗೆ ಹಂಚಿ ಹೋಗುತ್ತದೆ. ನಾಝಲ್‌ನ ತುದಿಯಲ್ಲಿ ಅಷ್ಟೂ ಒತ್ತಡ ವೇಗವಾಗುತ್ತದೆ. ಸೆಕೆಂಡಿಗೆ ಹತ್ತಿರ ಹತ್ತಿರ 90 ಮೀಟರ್, ಗಂಟೆಗೆ ಲೆಕ್ಕ ಹಾಕಿದರೆ 300 ಕಿಲೋಮೀಟರ್ ಮೀರುತ್ತದೆ. ಆ ಧಾರೆ ಹೋಗಿ ಬಡಿಯುವುದು ಪೆಲ್ಟನ್ ಚಕ್ರದ ಬಕೆಟ್‌ಗಳಿಗೆ. ಚಕ್ರಕ್ಕೆ ನಾವು ರನ್ನರ್ ಎನ್ನುತ್ತೇವೆ.

ಬಕೆಟ್‌ನ ಆಕಾರ ನೋಡಿದರೆ ಮಾಡಿದವನ ಬುದ್ಧಿಗೆ ಕೈ ಮುಗಿಯಬೇಕು. ಎರಡು ಬಟ್ಟಲು ಅಕ್ಕಪಕ್ಕ, ನಡುವೆ ಚೂಪಾದ ಏಣು. ಧಾರೆ ಆ ಏಣಿನ ಮೇಲೆ ಸೀಳಿ ಎರಡು ಪಾಲಾಗುತ್ತದೆ. ಎರಡೂ ಬಟ್ಟಲಿನೊಳಗೆ ತಿರುಗಿ ಬಂದ ದಿಕ್ಕಿಗೇ ವಾಪಸ್ ಹೊರಡುತ್ತದೆ. ಬಕೆಟ್ ಓಡುವ ವೇಗ ಧಾರೆಯ ವೇಗದ ಹೆಚ್ಚು ಕಡಿಮೆ ಅರ್ಧ ಇರುವ ಹಾಗೆ ಇಟ್ಟಿರುತ್ತಾರೆ. ಆಗ ಏನಾಗುತ್ತದೆ ಗೊತ್ತಾ? ಬಕೆಟ್‌ನಿಂದ ನೋಡಿದರೆ ನೀರು ಹಿಂದಕ್ಕೆ ಓಡುತ್ತಿದೆ, ಬಕೆಟ್ ಮುಂದಕ್ಕೆ ಓಡುತ್ತಿದೆ. ಎರಡೂ ಕಳೆದು, ಹೊರಬಂದ ನೀರಿಗೆ ವೇಗವೇ ಉಳಿಯುವುದಿಲ್ಲ. ಪೊಟ್ಟನೆ ಕೆಳಗೆ ಉದುರುತ್ತದೆ. 300 ಕಿಲೋಮೀಟರ್ ವೇಗದಲ್ಲಿ ಬಂದ ನೀರು ಹೊರಹೋಗುವ ಕಾಲುವೆಯಾದ ಟೈಲ್‌ರೇಸ್‌ನಲ್ಲಿ ಶಾಂತವಾಗಿ ಹರಿದು ಹೋಗುವುದನ್ನು ಹೊಸಬರು ನಂಬುವುದೇ ಇಲ್ಲ.

ಪಿಯು ಮೇಷ್ಟ್ರು
ರನ್ನರ್ ತಿರುಗಿದರೆ ಅದೇ ಶಾಫ್ಟಿಗೆ ಕೂರಿಸಿದ ರೋಟರ್ ತಿರುಗುತ್ತದೆ. ರೋಟರ್ ಸುತ್ತ ವಿದ್ಯುತ್ಕಾಂತಗಳ ಸಾಲು. ಅವಕ್ಕೆ ಡಿಸಿ ಕರೆಂಟು ಕೊಟ್ಟು ಕಾಂತ ಮಾಡಿರುತ್ತಾರೆ, ಅದು ಎಕ್ಸೈಟೇಶನ್. ಸುತ್ತ ನಿಂತ ಸ್ಟೇಟರ್‌ನಲ್ಲಿ ತಾಮ್ರದ ಸುರುಳಿಗಳು. ಕಾಂತ ಹತ್ತಿರ ಬಂದು ದೂರ ಹೋದ ಹಾಗೆಲ್ಲ ತಾಮ್ರದಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡದ್ದು ಇದನ್ನೇ.

ನಮ್ಮ ದೇಶದಲ್ಲಿ ಸೆಕೆಂಡಿಗೆ 50 ಆವರ್ತ ಬೇಕು. ಯಂತ್ರ ನಿಮಿಷಕ್ಕೆ 300 ಸುತ್ತು ತಿರುಗುವುದಾದರೆ ರೋಟರ್‌ನಲ್ಲಿ 20 ಧ್ರುವ (ಕಾಂತದ ತುದಿ) ಇರಬೇಕು, ಒಂದು ಜೋಡಿ ಧ್ರುವ ದಾಟಿದರೆ ಒಂದು ಆವರ್ತ. ಉಷ್ಣ ಸ್ಥಾವರದ ಟರ್ಬೈನ್ 3000 ಸುತ್ತು ತಿರುಗುತ್ತದೆ, ಅಲ್ಲಿ ಎರಡೇ ಧ್ರುವ ಸಾಕು. ಜಲ ವಿದ್ಯುತ್ತಿನ ಜನರೇಟರ್ ಅಷ್ಟು ಅಗಲ, ಅಷ್ಟು ಭಾರ ಯಾಕೆ ಅನ್ನೋದಕ್ಕೆ ಉತ್ತರ ಇಲ್ಲಿದೆ. ನಿಧಾನ ತಿರುಗುತ್ತದೆ, ಧ್ರುವ ಜಾಸ್ತಿ ಬೇಕು, ಅವಕ್ಕೆ ಜಾಗ ಬೇಕು.

ಬಯಲುಸೀಮೆ ಬಸವ
ಊರಲ್ಲಿ ಎಲ್ಲರೂ ಪಂಪ್‌ಸೆಟ್ ಹಾಕಿದರೆ ಅಲ್ಲಿ ಚಕ್ರಕ್ಕೆ ಗೊತ್ತಾಗುತ್ತದಾ?

ಕಾರ್ಗಲ್‌ನವ
ಗೊತ್ತಾಗುತ್ತದೆ. ಒಳ್ಳೆ ಪ್ರಶ್ನೆ ಇದು. ಕರೆಂಟು ಎಳೆದ ಹಾಗೆ ರೋಟರ್ ಮೇಲೆ ಭಾರ ಬೀಳುತ್ತದೆ. ವೇಗ ಕುಗ್ಗಲು ನೋಡುತ್ತದೆ. ತಕ್ಷಣ ವೇಗ ಕಾಯುವ ಗವರ್ನರ್ ನಾಝಲ್ ಸ್ವಲ್ಪ ತೆರೆದು ನೀರು ಹೆಚ್ಚಿಸುತ್ತದೆ. ದೇಶದ ಎಲ್ಲ ಮೆಷಿನ್‌ಗಳೂ ಒಂದೇ ತಾಳಕ್ಕೆ ತಿರುಗುತ್ತಿರುತ್ತವೆ, ಆದ್ದರಿಂದ ಭಾರ ಎಲ್ಲರಿಗೂ ಹಂಚಿಕೆಯಾಗುತ್ತದೆ. ನಿಮ್ಮೂರಿನ ಪಂಪ್ ಒಂದೇ ಆದರೆ ಯಾರ ಗಮನಕ್ಕೂ ಬರುವುದಿಲ್ಲ. ಲಕ್ಷಾಂತರ ಪಂಪ್ ಒಟ್ಟಿಗೆ ಶುರುವಾದರೆ ಕಂಟ್ರೋಲ್ ರೂಮಿನಲ್ಲಿ ಆ 50 ಆವರ್ತ ತೋರಿಸುವ ಫ್ರೀಕ್ವೆನ್ಸಿ ಮೀಟರ್ 49.9ರ ಕೆಳಗೆ ಜಾರುತ್ತದೆ, ಫೋನ್ ಹೊಡೆದುಕೊಳ್ಳಲು ಶುರುವಾಗುತ್ತದೆ.

ಇದರ ಉಲ್ಟಾ ಇನ್ನೂ ಅಪಾಯ. ಲೈನ್ ಟ್ರಿಪ್ ಆಗಿ ಭಾರ ಒಮ್ಮೆಗೇ ಹೋಯಿತು ಅನ್ನಿ. ಚಕ್ರ ಹುಚ್ಚು ವೇಗಕ್ಕೆ ಹೋಗುತ್ತದೆ. ಹಾಗಂತ ನೀರನ್ನು ಫಟ್ ಅಂತ ನಿಲ್ಲಿಸಿದರೆ ಪೈಪಿನಲ್ಲಿ ಇಳಿದು ಬರುತ್ತಿರುವ ಸಾವಿರಾರು ಟನ್ ನೀರು ಎಲ್ಲಿಗೆ ಹೋಗಬೇಕು? ಒತ್ತಡ ಏರಿ ಪೈಪೇ ಸೀಳಬಹುದು. ಅದಕ್ಕೇ ಡಿಫ್ಲೆಕ್ಟರ್ ಅಂತ ಒಂದಿದೆ. ಮೊದಲು ಅದು ಧಾರೆಗೆ ಅಡ್ಡ ಬಂದು ಬಕೆಟ್‌ನಿಂದ ಪಕ್ಕಕ್ಕೆ ತಿರುಗಿಸುತ್ತದೆ. ನಾಝಲ್ ಆಮೇಲೆ ನಿಧಾನವಾಗಿ ಮುಚ್ಚುತ್ತದೆ. ಮೇಲಿನ ಸರ್ಜ್ ಟ್ಯಾಂಕಿನಲ್ಲಿ ನೀರು ಏರಿ ಇಳಿದು ಸುರಂಗದ ಹೊಡೆತ ತಡೆದುಕೊಳ್ಳುತ್ತದೆ. ಇಡೀ ಪವರ್ ಹೌಸ್‌ನಲ್ಲಿ ನನಗೆ ಇಷ್ಟವಾದ ಭಾಗ ಯಾವುದು ಎಂದು ಯಾರಾದರೂ ಕೇಳಿದರೆ ಡಿಫ್ಲೆಕ್ಟರ್ ಎಂದೇ ಹೇಳುತ್ತೇನೆ. ಫೋಟೋದಲ್ಲಿ ಯಾರೂ ತೋರಿಸುವುದಿಲ್ಲ ಅದನ್ನು.

ಅಡಿಕೆ ಸುಲಿಯುವವ
ರಷ್ಯಾದ ಒಂದು ಜಲವಿದ್ಯುತ್ ಸ್ಥಾವರದಲ್ಲಿ ಆದ ದೊಡ್ಡ ಅಪಘಾತವೂ ಇದೇ ತರಹದ್ದಾ?

ಕಾರ್ಗಲ್‌ನವ
ಸಯಾನೊ-ಶುಶೆನ್‌ಸ್ಕಾಯಾ. 2009ರ ಆಗಸ್ಟ್ 17. ಅದು ಪೆಲ್ಟನ್ ಅಲ್ಲ, ನೀರು ತುಂಬಿದ ಕವಚದೊಳಗೆ ತಿರುಗುವ ಫ್ರಾನ್ಸಿಸ್ ಟರ್ಬೈನ್, ಕಥೆ ಬೇರೆ. ಎರಡನೇ ಯೂನಿಟ್ ವಿಪರೀತ ನಡುಗುತ್ತಿತ್ತು. ಟರ್ಬೈನ್‌ನ ಮುಚ್ಚಳ ಹಿಡಿದಿದ್ದ ಬೋಲ್ಟುಗಳು ದಣಿದು ಮುರಿದವು. ಕೆಳಗಿನ ನೀರಿನ ಒತ್ತಡಕ್ಕೆ ಇಡೀ ಯಂತ್ರ ಮೇಲೆದ್ದು ಬಂತು. ಹಾಲ್‌ಗೆ ನೀರು ನುಗ್ಗಿ 75 ಜನ ಸತ್ತರು. ನಮ್ಮಲ್ಲೂ 2016ರ ಫೆಬ್ರುವರಿಯಲ್ಲಿ ಶರಾವತಿ ಪವರ್ ಹೌಸ್‌ಗೆ ಬೆಂಕಿ ಬಿದ್ದು ಉತ್ಪಾದನೆ ನಿಂತಿತ್ತು, ನೆನಪಿರಬಹುದು. ಜಲಾಶಯದಲ್ಲಿ ನೀರಿದ್ದೂ ಕರೆಂಟಿಲ್ಲದ ದಿನಗಳು ಅವು.

ಪಾವಗಡ ಬಿಸಿಲು
ಎಲ್ಲ ಸರಿ. ಆದರೆ ಇವತ್ತು ಪಾವಗಡ ಸೋಲಾರ್ ಪಾರ್ಕ್ ಒಂದೇ 2050 ಮೆಗಾವ್ಯಾಟ್. ಶರಾವತಿಯ ಎರಡು ಪಟ್ಟು. ಇಷ್ಟೊಂದು ಕಾಡು ಮುಳುಗಿಸಿ ಮಾಡಿದ ಹಳೇ ತಂತ್ರಜ್ಞಾನದ ಬಗ್ಗೆ ಇಷ್ಟು ಹೊಗಳಿಕೆ ಬೇಕಾ?

ಕಾರ್ಗಲ್‌ನವ
ಸಂಜೆ ಏಳಕ್ಕೆ ಪಾವಗಡದಿಂದ ಎಷ್ಟು ಬರುತ್ತದೆ ಸ್ವಾಮಿ?

ಜಗಳಕ್ಕೆ ಹೇಳುತ್ತಿಲ್ಲ. ಬಿಸಿಲಿನ ಕರೆಂಟು ಒಳ್ಳೆಯದೇ. ಹಗಲು ಅದು ಬಂದಷ್ಟೂ ನಮ್ಮ ನೀರು ಉಳಿಯುತ್ತದೆ. ಆದರೆ ಎರಡನ್ನೂ ಮೆಗಾವ್ಯಾಟ್ ಒಂದರಲ್ಲೇ ಹೋಲಿಸಬೇಡಿ. ಹೊತ್ತು ಮುಳುಗಿ ಊರೆಲ್ಲ ದೀಪ ಹಾಕುವ ಹೊತ್ತಿಗೆ ನಾವು ನಿಂತ ಮೆಷಿನ್ ಅನ್ನು ಕೆಲವೇ ನಿಮಿಷದಲ್ಲಿ ಎಲ್ಲ ಸ್ಥಾವರಗಳನ್ನೂ ಸೇರಿಸುವ ಲೈನುಗಳ ಜಾಲವಾದ ಗ್ರಿಡ್‌ಗೆ ಸೇರಿಸುತ್ತೇವೆ. ಕಲ್ಲಿದ್ದಲಿನ ಘಟಕ ತಣ್ಣಗಾಗಿದ್ದರೆ ಅದಕ್ಕೆ ಗಂಟೆಗಟ್ಟಲೆ ಬೇಕು. ಜಲವಿದ್ಯುತ್ತಿನ ಬೆಲೆ ಇರುವುದು ‘ಯಾವಾಗ’ ಎನ್ನುವುದರಲ್ಲಿ.

ಪಿಯು ಮೇಷ್ಟ್ರು
ಇದಕ್ಕೆ ಒಳ್ಳೆ ಉದಾಹರಣೆ 2020ರ ಏಪ್ರಿಲ್ 5. ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೀಪ ಆರಿಸಿ ಎಂದು ಪ್ರಧಾನಿ ಕರೆ ಕೊಟ್ಟಿದ್ದರು. ದೇಶದ ಬೇಡಿಕೆ ಸುಮಾರು 31,000 ಮೆಗಾವ್ಯಾಟ್ ಕುಸಿಯಿತು, ಆಮೇಲೆ ಮತ್ತೆ ಏರಿತು. ಆ ಇಳಿತ ಏರಿತದ ದೊಡ್ಡ ಪಾಲನ್ನು ಹೊತ್ತದ್ದು ಜಲವಿದ್ಯುತ್ ಘಟಕಗಳು.

ಗ್ರಿಡ್ ಪೂರ್ತಿ ಕುಸಿದಾಗಲೂ ಮೊದಲು ಏಳುವುದು ಇವೇ. ಉಷ್ಣ ಸ್ಥಾವರ ಶುರು ಮಾಡಲು ಅದಕ್ಕೇ ಹೊರಗಿನ ಕರೆಂಟು ಬೇಕು. ಜಲ ಘಟಕಕ್ಕೆ ವಾಲ್ವ್ ತೆರೆಯುವಷ್ಟು, ಎಕ್ಸೈಟೇಶನ್ ಕೊಡುವಷ್ಟು ಬ್ಯಾಟರಿ ಅಥವಾ ಡೀಸೆಲ್ ಜನರೇಟರ್ ಸಾಕು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ ನಮಗೆ ಬಿಸಿ ತಟ್ಟಲಿಲ್ಲ. ಆಗ ದಕ್ಷಿಣದ ಗ್ರಿಡ್ ಬೇರೆ ತಾಳದಲ್ಲಿ ತಿರುಗುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಮೂಲಕ ಸೇರಿಸಿದರು. ಈಗ ಎಲ್ಲರೂ ಒಂದೇ.

ಬಯಲುಸೀಮೆ ಬಸವ
ಇಷ್ಟು ಒಳ್ಳೆಯದಾದರೆ ಹತ್ತೂ ಮೆಷಿನ್ ದಿನವಿಡೀ ಓಡಿಸಬಾರದಾ?

ಕಾರ್ಗಲ್‌ನವ
ನೀರು? ಮಳೆ ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್. ಅದನ್ನೇ ಮುಂದಿನ ಜೂನ್‌ವರೆಗೆ ಎಳೆಯಬೇಕು. ಒಂಬತ್ತು ಸಾವಿರ ಕ್ಯೂಸೆಕ್ ಲೆಕ್ಕದಲ್ಲಿ ಬಿಡದೆ ಓಡಿಸಿದರೆ ತುಂಬಿದ ಜಲಾಶಯವೂ ಆರೇಳು ತಿಂಗಳಿಗೆ ಬರಿದು. ಮಾರ್ಚ್, ಏಪ್ರಿಲ್‌ನಲ್ಲಿ ಪಂಪ್‌ಸೆಟ್, ಫ್ಯಾನು, ಪರೀಕ್ಷೆ ಎಲ್ಲ ಒಟ್ಟಿಗೆ ಬರುವಾಗ ಏನು ಮಾಡುತ್ತೀರಿ? ಮಳೆಗಾಲದಲ್ಲಿ ಕೋಡಿ ಬೀಳುವ ಹಾಗಿದ್ದರೆ ಮಾತ್ರ ಎಲ್ಲವನ್ನೂ ಬಿಡದೆ ಓಡಿಸುತ್ತೇವೆ.

ಅಡಿಕೆ ಸುಲಿಯುವವ
ಬೇಸಿಗೆಯಲ್ಲಿ ‘ಜೋಗಕ್ಕೆ ನೀರು ಬಿಡಿ’ ಎನ್ನುವವರಿಗೂ ಇದೇ ಉತ್ತರವಾ?

ಪಿಯು ಮೇಷ್ಟ್ರು
ಲೆಕ್ಕ ನೋಡಿ ತೀರ್ಮಾನಿಸಿ. 200 ಕ್ಯೂಸೆಕ್ ಲೆಕ್ಕದಲ್ಲಿ ಒಂದು ದಿನ ಪೂರ್ತಿ ಬಿಟ್ಟರೆ, ಘಟ್ಟದ ಪವರ್ ಹೌಸ್‌ಗೆ ತಪ್ಪುವುದು ಸುಮಾರು ಐದು ಲಕ್ಷ ಯೂನಿಟ್. ತಿಂಗಳಿಗೆ ನೂರು ಯೂನಿಟ್ ಬಳಸುವ ಐದು ಸಾವಿರ ಮನೆಗಳ ಒಂದು ತಿಂಗಳ ಕರೆಂಟು. ಆ ನೀರು ಕೆಳಗೆ ಗೇರುಸೊಪ್ಪೆಯಲ್ಲಿ ಒಮ್ಮೆ ಸಿಗುತ್ತದೆ, ಅಷ್ಟು ಮಾತ್ರ ವಾಪಸ್. ವಾರಾಂತ್ಯಕ್ಕೆ ಕೆಲವು ಗಂಟೆ ಬಿಟ್ಟರೆ ಅಂಗಡಿ, ಹೋಟೆಲ್, ಟ್ಯಾಕ್ಸಿಯವರ ಆದಾಯ ಅದನ್ನು ಮೀರಬಹುದು. ಅದು ಲಾಭನಷ್ಟದ ಚರ್ಚೆ, ನೀರು ಬಿಡುವುದೇ ಸರಿ ಎಂದು ನನಗೆ ಅನ್ನಿಸುತ್ತದೆ.

ಹಿನ್ನೀರಿನವಳು
ಎಲ್ಲರ ಲೆಕ್ಕ ಓದಿದೆ. ಚೆನ್ನಾಗಿದೆ. ಒಂದು ಲೆಕ್ಕ ಯಾರೂ ಹಾಕಲಿಲ್ಲ.

ನಮ್ಮಜ್ಜಿಯ ಊರು ಆ 151 ಟಿಎಂಸಿಯ ಅಡಿಯಲ್ಲಿದೆ. ಗದ್ದೆ, ತೋಟ, ದೇವಸ್ಥಾನ ಎಲ್ಲ. ಕೆಲವರನ್ನು ಲಾರಿಯಲ್ಲಿ ತುಂಬಿಸಿ ಕಾಡಿನಲ್ಲಿ ಇಳಿಸಿದರು ಎಂದು ಹೇಳುತ್ತಿದ್ದರು. ಕೊಟ್ಟ ಜಾಗಕ್ಕೆ ಹಕ್ಕುಪತ್ರ ಸಿಗದ ಕುಟುಂಬಗಳು ಇವತ್ತಿಗೂ ಇವೆ, ಕಾಗದ ಹಿಡಿದು ಓಡಾಡುತ್ತಿವೆ. ಕರೆಂಟಿಗಾಗಿ ಊರು ಬಿಟ್ಟವರ ಮನೆಗೆ ಕರೆಂಟು ಬಂದದ್ದು ಎಷ್ಟೋ ವರ್ಷದ ಮೇಲೆ. ಹಿನ್ನೀರಿನಾಚೆಯ ತುಮರಿ ಕಡೆಯವರು ಆಸ್ಪತ್ರೆಗೆ ಹೋಗಬೇಕಾದರೂ ಲಾಂಚ್ ಕಾಯಬೇಕಿತ್ತು. ಸಂಜೆ ಕೊನೇ ಲಾಂಚ್ ತಪ್ಪಿದರೆ ಮುಗಿಯಿತು. ಹಿನ್ನೀರು ದಾಟಿಸುವ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈನಲ್ಲಿ. ಜಲಾಶಯ ಆದದ್ದು 1964ರಲ್ಲಿ. ಶರಾವತಿ ಕರೆಂಟು ಬಹಳ ಅಗ್ಗ ಎನ್ನುತ್ತಾರಲ್ಲ, ಆ ದರದಲ್ಲಿ ಇದು ಸೇರಿಲ್ಲ.

ಪಾವಗಡ ಬಿಸಿಲು
ನಾನು ಹೇಳಲು ಹೊರಟದ್ದು ಇದನ್ನೇ. ಆದರೂ ಒಂದು ಕೇಳುತ್ತೇನೆ. ಈಗ ತಳಕಳಲೆ, ಗೇರುಸೊಪ್ಪೆ ನಡುವೆ 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆ ಹಾಕಿದ್ದಾರೆ. ಹಗಲು ಸೋಲಾರ್ ಹೆಚ್ಚಾದಾಗ ಕೆಳಗಿನ ನೀರನ್ನು ಮೇಲೆತ್ತಿ, ರಾತ್ರಿ ಅದನ್ನೇ ಇಳಿಸಿ ಕರೆಂಟು ಮಾಡುವುದು. ಎರಡೂ ಜಲಾಶಯ ಈಗಾಗಲೇ ಇವೆ. ಹೊಸ ದೊಡ್ಡ ಅಣೆಕಟ್ಟು ಬೇಡ. ಇದಕ್ಕೂ ವಿರೋಧವಾ?

ಹಿನ್ನೀರಿನವಳು
ಹೌದು, ವಿರೋಧ. ಅದು ಸಿಂಗಳೀಕಗಳ ಅಭಯಾರಣ್ಯ. ಪವರ್ ಹೌಸ್ ನೆಲದಡಿ ಇದ್ದರೂ ಅಲ್ಲಿಗೆ ರಸ್ತೆ ಬೇಕು, ಸುರಂಗ ತೋಡಿದ ಕಲ್ಲುಮಣ್ಣು ಸುರಿಯಲು ಜಾಗ ಬೇಕು, ಲೈನ್ ಎಳೆಯಬೇಕು. ಸಿಂಗಳೀಕ ಮರದಿಂದ ಮರಕ್ಕೆ ಹೋಗುವ ಪ್ರಾಣಿ. ಮೇಲಿನ ಹಸಿರು ಒಂದು ಕಡೆ ಕಡಿದುಹೋದರೂ ಅದಕ್ಕೆ ದಾರಿ ಮುಚ್ಚಿದ ಹಾಗೆ. ಅದೂ ಅಲ್ಲದೆ ಘಟ್ಟ ಮಳೆಗಾಲದಲ್ಲಿ ಎಲ್ಲೆಲ್ಲಿ ಜಾರುತ್ತಿದೆ ಎಂದು ನೋಡುತ್ತಿದ್ದೇವಲ್ಲ.

ಪಿಯು ಮೇಷ್ಟ್ರು
ಪಂಪ್ಡ್ ಸ್ಟೋರೇಜ್ ಕರೆಂಟು ಹುಟ್ಟಿಸುವುದಿಲ್ಲ, ಇಟ್ಟುಕೊಳ್ಳುತ್ತದೆ ಎನ್ನುವುದನ್ನು ಇಲ್ಲಿ ಸ್ಪಷ್ಟ ಮಾಡಬೇಕು. ನೀರೆತ್ತಲು ನೂರು ಯೂನಿಟ್ ಹಾಕಿದರೆ ಇಳಿಸುವಾಗ 75ರಿಂದ 80 ಸಿಗುತ್ತದೆ. ಉಳಿದದ್ದು ನಷ್ಟ. ಹಗಲು ಚೆಲ್ಲಿ ಹೋಗುವ ಸೋಲಾರ್ ಇದ್ದರೆ ಮಾತ್ರ ಈ ವ್ಯವಹಾರಕ್ಕೆ ಅರ್ಥ.

ಕಾರ್ಗಲ್‌ನವ
ಇಂಜಿನಿಯರಿಂಗ್ ದೃಷ್ಟಿಯಿಂದ ಆ ಜಾಗ ಸಿಕ್ಕುವುದೇ ಪುಣ್ಯ. ಅಷ್ಟು ಹೆಡ್, ಮೇಲೆ ಕೆಳಗೆ ಎರಡೂ ಕಡೆ ಸಿದ್ಧ ನೀರು. ಆದರೂ ತಂಗಿ ಹೇಳಿದ್ದನ್ನು ನಾನು ತಳ್ಳಿಹಾಕುವುದಿಲ್ಲ. ನಾವು ಕೆಲಸ ಮಾಡುವಾಗ ಕ್ವಾರ್ಟರ್ಸ್‌ನಲ್ಲಿ ಕರೆಂಟು ಹೋಗುತ್ತಲೇ ಇರಲಿಲ್ಲ, ಹೊಳೆಯಾಚೆ ಚಿಮಣಿ ಬೆಳಕು ಕಾಣುತ್ತಿತ್ತು. ಹಳೇ ಬಾಕಿ ತೀರಿಸದೆ ಅದೇ ಕಣಿವೆಗೆ ಮತ್ತೊಂದು ಯೋಜನೆ ತಂದರೆ ಜನ ನಂಬುವುದು ಹೇಗೆ? ಮೊದಲು ಹಕ್ಕುಪತ್ರ ಕೊಡಿ, ಆಮೇಲೆ ಮಾತಾಡಿ ಎನ್ನುವುದು ನನ್ನ ಅಭಿಪ್ರಾಯ.

ಬಯಲುಸೀಮೆ ಬಸವ
ಒಂದು ಕೊನೇ ಪ್ರಶ್ನೆ. ಆಲಮಟ್ಟಿಯಲ್ಲಿ ಘಟ್ಟವೂ ಇಲ್ಲ, ಜಲಪಾತವೂ ಇಲ್ಲ. ಅಲ್ಲಿ 290 ಮೆಗಾವ್ಯಾಟ್ ಹೇಗೆ?

ಕಾರ್ಗಲ್‌ನವ
ಅಲ್ಲಿ ಹೆಡ್ ಕಡಿಮೆ, ನೀರು ಜಾಸ್ತಿ. ಪೆಲ್ಟನ್ ಅಲ್ಲಿ ನಡೆಯುವುದಿಲ್ಲ. ಕಪ್ಲಾನ್ ಹಾಕಿದ್ದಾರೆ. ದೊಡ್ಡ ಫ್ಯಾನಿನ ತರಹ ರೆಕ್ಕೆ, ಪೂರ್ತಿ ನೀರಲ್ಲೇ ಮುಳುಗಿ ತಿರುಗುತ್ತದೆ. ನೀರು ಎಷ್ಟಿದೆ ನೋಡಿಕೊಂಡು ರೆಕ್ಕೆಯ ಓರೆ ಬದಲಿಸಬಹುದು. ಕಾಳಿ ನದಿಯ ಕದ್ರಾದಲ್ಲೂ ಅದೇ. ನಡುವಿನ ಎತ್ತರಕ್ಕೆ ಫ್ರಾನ್ಸಿಸ್, ನಾಗಝರಿಯಲ್ಲಿ ಇರುವುದು ಅದು. ವಾರಾಹಿಯಲ್ಲಿ ಮತ್ತೆ ಪೆಲ್ಟನ್, ಪವರ್ ಹೌಸ್ ಪೂರ್ತಿ ನೆಲದೊಳಗೆ, 460 ಮೆಗಾವ್ಯಾಟ್.

ಆಲಮಟ್ಟಿಯಲ್ಲಿ ಇನ್ನೊಂದು ವ್ಯತ್ಯಾಸ ಇದೆ. ಅಲ್ಲಿ ಯಜಮಾನಿಕೆ ನೀರಾವರಿಯದು. ಕೆಳಗೆ ನೀರು ಬಿಟ್ಟಾಗ ಮೆಷಿನ್ ಓಡುತ್ತದೆ, ಬಿಡದಿದ್ದರೆ ನಿಲ್ಲುತ್ತದೆ. ಸಂಜೆ ಬೇಡಿಕೆ ಏರಿತು ಎಂದು ಕಾಲುವೆ ವೇಳಾಪಟ್ಟಿ ಬದಲಿಸಲು ಆಗುವುದಿಲ್ಲ.

ಬಯಲುಸೀಮೆ ಬಸವ
ಆಯಿತು. ಮುಂದಿನ ಸಲ ಘಟ್ಟದ ಕೆಳಗಿನ ಪವರ್ ಹೌಸ್ ನೋಡಬೇಕೆಂದರೆ ಸುಮ್ನೆ ಹೋದರೆ ಬಿಡುತ್ತಾರಾ?

ಕಾರ್ಗಲ್‌ನವ
ಬಿಡುವುದಿಲ್ಲ. ಭದ್ರತೆ ಇದೆ, ಮೊದಲೇ ಬರೆದು ಅನುಮತಿ ತೆಗೆದುಕೊಳ್ಳಬೇಕು. ಕಾಲೇಜು ಹುಡುಗರು ಗುಂಪಾಗಿ ಬಂದರೆ ಸಿಗುವುದು ಸುಲಭ. ಮೇಷ್ಟ್ರು ಕರೆದುಕೊಂಡು ಹೋಗುವುದಾದರೆ ಅವರ ಜೊತೆ ಸೇರಿಕೊಳ್ಳಿ.

ಪಿಯು ಮೇಷ್ಟ್ರು
ಡಿಸೆಂಬರ್‌ನಲ್ಲಿ ಯೋಚನೆ ಇದೆ. ಇಲ್ಲೇ ತಿಳಿಸುತ್ತೇನೆ.